ಕೈದಿಯಾಗಿ ಬಂದ ಡಾಕ್ಟ್ರು

ಕತ್ತಿನ ಬುಡಕ್ಕೆ ಚಾಕು ಬಿದ್ದಿರೋ ಪೇಷಂಟ್ ಕ್ಯಾಶುವಾಲ್ಟಿಗೆ ಬಂದ್ರೆ ಇಷ್ಟು ವರ್ಷ ಸರ್ಜರಿ ಮಾಡಿದ್ಮೇಲೂ ನನ್ನೆದೆ ಝಲ್ ಅನ್ನತ್ತೆ. ಬಲಗಡೆ ಕಾಲರ್ ಬೋನ್ ಎದೆಮೂಳೆಗೆ ಸೇರೋ ಜಾಗದ ಹಿಂದೆ ಇನ್ನಾಮಿನೇಟ್ ಅಂತ ಒಂದು ಆರ್ಟರಿ ಇದೆ, ಬಲಗೈಗೂ ತಲೆಯ ಬಲಭಾಗಕ್ಕೂ ರಕ್ತ ಹೋಗೋದು ಅದರಿಂದ, ಹಾರ್ಟಿಗೆ ಎಷ್ಟು ಹತ್ತಿರ ಅಂದ್ರೆ ಅಲ್ಲಿ ಕೈ ತಪ್ಪಿದ್ರೆ ನಿಮಿಷಗಳಲ್ಲಿ ಕಥೆ ಮುಗಿಯತ್ತೆ.

1832ರಲ್ಲಿ ಸಿಡ್ನಿಯಲ್ಲಿ ವಿಲಿಯಂ ಬ್ಲ್ಯಾಂಡ್ ಅನ್ನೋ ಡಾಕ್ಟ್ರು ಇದೇ ಆರ್ಟರಿಯನ್ನ ದಾರದಲ್ಲಿ ಕಟ್ಟಿದ್ರು. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸೋ ಈಥರ್ ಬರೋಕೆ ಇನ್ನೂ 14 ವರ್ಷ ಇತ್ತು. ಆಗೆಲ್ಲ ದಾರದ ತುದಿಯನ್ನ ಗಾಯದಿಂದ ಆಚೆ ಬಿಟ್ಟು ಅದು ತಾನಾಗೇ ಕಳಚೋವರೆಗೂ ಕಾಯೋರು, ಆ ದಾರದ ಜಾಡಲ್ಲೇ ಕೀವಾಗಿ ರಕ್ತನಾಳದ ಗೋಡೆ ಕೊಳೆತು, ಎಲ್ಲ ಸರಿಹೋಯ್ತು ಅನ್ನೋ ಹೊತ್ತಿಗೆ ರಕ್ತ ಚಿಮ್ಮೋದು. ಬ್ಲ್ಯಾಂಡ್ ಪೇಷಂಟ್ 18 ದಿನ ಬದುಕಿದ. ಈ ಆಪರೇಷನ್ ಆದ್ಮೇಲೆ ರೋಗಿಯೊಬ್ಬ ಮೊದಲ ಸಲ ಉಳಿದಿದ್ದು 1864ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ.

ಈ ಬ್ಲ್ಯಾಂಡ್ ಸಿಡ್ನಿಗೆ ಬಂದಿದ್ದೇ ಕೈದಿಯಾಗಿ. ಬ್ರಿಟಿಷ್ ನೌಕಾಪಡೆಯ ಸರ್ಜನ್ ಆಗಿದ್ದಾಗ, 1813ರ ಏಪ್ರಿಲ್‌ನಲ್ಲಿ ನಮ್ಮ ಬಾಂಬೆಯಲ್ಲಿ, ತಮ್ಮ ಹಡಗು ಹೆಸ್ಪರ್‌ನ ಲೆಕ್ಕಪತ್ರ ನೋಡೋ ಅಧಿಕಾರಿ ಜೊತೆ ಪಿಸ್ತೂಲಿನ ದ್ವಂದ್ವಯುದ್ಧಕ್ಕೆ ನಿಂತ್ರು, ಅವನು ಸತ್ತ, ಕೊಲೆ ಕೇಸಾಗಿ 7 ವರ್ಷ ಗಡಿಪಾರು ಶಿಕ್ಷೆ ಆಯ್ತು. ಸಿಡ್ನಿ ಕಡೆ ಡಾಕ್ಟರ್‌ಗಳೇ ಕಮ್ಮಿ, ಹಾಗಾಗಿ ಮಾನಸಿಕ ರೋಗಿಗಳ ಆಸ್ಪತ್ರೇಲಿ ಕೆಲಸಕ್ಕೆ ಹಾಕಿದ್ರು, 1815ರಲ್ಲಿ ಕ್ಷಮಾದಾನ ಸಿಕ್ತು. ಸುಮ್ನಿರೋ ಜೀವ ಅಲ್ಲ, 1818ರಲ್ಲಿ ಗವರ್ನರ್ ಮ್ಯಾಕ್ವಾರಿ ಮೇಲೆ ಟೀಕೆ ಬರೆದು ಮತ್ತೆ ಒಂದು ವರ್ಷ ಜೈಲು ಸೇರಿದ್ರು.

ರಾಜಕೀಯಕ್ಕೆ ಅವರು ಹೋಗಿದ್ದು ವಾರ್ಡ್ ದಾರೀಲೇ ಅನ್ನೋದು ನನ್ನ ನಂಬಿಕೆ. ಬೆನೆವಲೆಂಟ್ ಸೊಸೈಟಿ ಅನ್ನೋ ದತ್ತಿ ಸಂಸ್ಥೆಯಲ್ಲಿ, ಬಡವರ ಡಿಸ್ಪೆನ್ಸರಿಯಲ್ಲಿ ವರ್ಷಗಟ್ಟಲೆ ರೋಗಿಗಳನ್ನ ನೋಡಿದ್ರಲ್ಲ, ಆ ಊರಿನ ಬಡವರಲ್ಲಿ ಎಷ್ಟೋ ಜನ ಶಿಕ್ಷೆ ಮುಗಿಸಿ ಬಂದವರು, ಊರಿನ ಆಡಳಿತದಲ್ಲಿ ಅವರ ಮಾತಿಗೆ ಬೆಲೆ ಇಲ್ಲ. ಒಬ್ಬ ಡಾಕ್ಟರ್‌ಗೆ ಅದು ಕಾಣದೇ ಇರತ್ತಾ? 1835ರಲ್ಲಿ ಶುರುವಾದ ಆಸ್ಟ್ರೇಲಿಯನ್ ಪೇಟ್ರಿಯಾಟಿಕ್ ಅಸೋಸಿಯೇಷನ್ ಪರವಾಗಿ, ಚುನಾಯಿತ ಸಭೆ ಬೇಕು ಅಂತ ಬ್ರಿಟಿಷ್ ಸಂಸದ ಚಾರ್ಲ್ಸ್ ಬುಲ್ಲರ್‌ಗೆ ಬ್ಲ್ಯಾಂಡ್ ಪತ್ರದ ಮೇಲೆ ಪತ್ರ ಬರೆದ್ರು. 1843ರಲ್ಲಿ ಸಿಡ್ನಿ ಸೇರಿದ್ದ ನ್ಯೂ ಸೌತ್ ವೇಲ್ಸ್‌ನ ಶಾಸನಸಭೆ ಲೆಜಿಸ್ಲೇಟಿವ್ ಕೌನ್ಸಿಲ್‌ಗೆ ಮೊದಲ ಎಲೆಕ್ಷನ್, ಸಿಡ್ನಿಯ ಎರಡು ಸೀಟಲ್ಲಿ ಒಂದು ಅದೇ ಅಸೋಸಿಯೇಷನ್ ಮುಖಂಡ ವೆಂಟ್‌ವರ್ತ್‌ಗೆ, ಇನ್ನೊಂದು ಈ ಮಾಜಿ ಕೈದಿಗೆ! 1848ರಲ್ಲಿ ಸೋತ್ರು. 1861ರಲ್ಲಿ ದಿವಾಳಿ ಆದ್ರು. 1868ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಸರ್ಕಾರಿ ಗೌರವದಿಂದ ಅಂತ್ಯಕ್ರಿಯೆ ಆಯ್ತು.

ಆಸ್ಟ್ರೇಲಿಯಾದಲ್ಲಿ ತೆಗೆದು ಇವತ್ತಿಗೂ ಉಳಿದಿರೋ ಅತಿ ಹಳೇ ಫೋಟೋ 1845ರದ್ದು. ಅದರಲ್ಲಿ ಕೂತಿರೋರು ಇದೇ ಡಾಕ್ಟ್ರು.