ಈ 66ರ ಮಸ್ಟಾಂಗ್ ನಿಜವಾದ ಜಿಟಿನಾ, ಜಿಟಿ ವೇಷಾನಾ?

ಪ್ರಶ್ನೆ: "ಸರ್, ನಾನು ಇರೋದು ಸ್ಯಾನ್ ಹೊಸೆಯಲ್ಲಿ, ಊರು ಹಾಸನ. ಸ್ಯಾಕ್ರಮೆಂಟೊ ಹತ್ರ ಒಬ್ರು 1966ರ ಮಸ್ಟಾಂಗ್ ಫಾಸ್ಟ್‌ಬ್ಯಾಕ್ ಮಾರ್ತಿದಾರೆ. ಜಿಟಿ ಅಂತೆ, ಮ್ಯಾಚಿಂಗ್ ನಂಬರ್ಸ್ ಅಂತೆ, ಜೊತೆಗೆ ಫೈವ್ ಸ್ಪೀಡ್ ಗೇರ್‌ಬಾಕ್ಸ್, ಹೊಸ ಬ್ರೇಕ್ ಎಲ್ಲಾ ಹಾಕ್ಸಿದಾರೆ. ಚಾಸಿ ನಂಬರ್ 6ಆರ್09ಸಿ ಅಂತ ಶುರುವಾಗತ್ತೆ. ಜಿಟಿ ರೇಟೇ ಹೇಳ್ತಿದಾರೆ. ತಗೋಬಹುದಾ? ಶನಿವಾರ ನೋಡಕ್ಕೆ ಹೋಗ್ಬೇಕು."

ತಗೋಬಹುದು, ಆದ್ರೆ ಜಿಟಿ ರೇಟಿಗಲ್ಲ. ಜಿಟಿ ಅಂದ್ರೆ ಫೋರ್ಡ್‌ನವ್ರು ಮಸ್ಟಾಂಗಿಗೆ ಫ್ಯಾಕ್ಟರಿಯಲ್ಲೇ ಹಾಕಿ ಕೊಡ್ತಿದ್ದ ಸ್ಪೋರ್ಟಿ ಪ್ಯಾಕೇಜ್, ಅದಕ್ಕೇ ರೇಟ್ ಜಾಸ್ತಿ. ಕಾರ್ ನೋಡ್ದೆ ಇಷ್ಟು ಧೈರ್ಯವಾಗಿ ಹೇಗೆ ಹೇಳ್ತೀನಿ ಅಂದ್ರೆ, ನೀವೇ ಬರೆದಿರೋ ಆ ಐದು ಅಕ್ಷರದಲ್ಲೇ ಅರ್ಧ ಉತ್ತರ ಇದೆ.

ಬಿಡಿಸಿ ಓದಿ. ಮೊದಲ 6 ಅಂದ್ರೆ 1966ರ ಮಾಡೆಲ್. ಆರ್ ಅಂದ್ರೆ ಸ್ಯಾನ್ ಹೊಸೆ ಪ್ಲಾಂಟ್ (ಎಫ್ ಇದ್ರೆ ಡಿಯರ್‌ಬಾರ್ನ್, ಟಿ ಇದ್ರೆ ನ್ಯೂಜೆರ್ಸಿಯ ಮೆಟಚನ್). ಅಂದಹಾಗೆ ಆ ಪ್ಲಾಂಟ್ ಎಲ್ಲಿತ್ತು ಗೊತ್ತಾ, ನೀವು ವೀಕೆಂಡಲ್ಲಿ ಶಾಪಿಂಗಿಗೆ ಹೋಗ್ತೀರಲ್ಲ ಮಿಲ್ಪಿಟಸ್‌ನ ಗ್ರೇಟ್ ಮಾಲ್, ಅದೇ ಜಾಗ, 1983ರಲ್ಲಿ ಫ್ಯಾಕ್ಟರಿ ಮುಚ್ಚಿ 94ರಲ್ಲಿ ಮಾಲ್ ಆಯ್ತು. ಮುಂದೆ 09 ಅಂದ್ರೆ ಟಾಪ್ ಹಿಂದಕ್ಕೆ ಇಳಿಜಾರಾಗಿ ಇಳಿಯೋ ಫಾಸ್ಟ್‌ಬ್ಯಾಕ್ ಬಾಡಿ, 07 ಕೂಪೆ, 08 ಕನ್ವರ್ಟಿಬಲ್. ಇದು ಖುಷಿ ವಿಷ್ಯ, ಯಾಕಂದ್ರೆ 66ರಲ್ಲಿ ಮಾಡಿದ 6 ಲಕ್ಷದ 7 ಸಾವಿರ ಚಿಲ್ಲರೆ ಮಸ್ಟಾಂಗಲ್ಲಿ ಫಾಸ್ಟ್‌ಬ್ಯಾಕ್ ಬರೀ 35,698, ಕೂಪೆ ಹತ್ತತ್ರ 5 ಲಕ್ಷ. ಹಂಗಾಗಿ ಕೂಪೆಯ ಟಾಪ್ ಕೊಯ್ದು ಫಾಸ್ಟ್‌ಬ್ಯಾಕ್ ಟಾಪ್ ಕೂರ್ಸೋ ಕೆಲ್ಸ ಜೋರಾಗೇ ನಡಿಯತ್ತೆ, ಅಂಥದ್ರ ನಂಬರಲ್ಲಿ 07 ಅಂತಾನೇ ಇರತ್ತೆ.

ಈಗ ಕೊನೆ ಅಕ್ಷರ, ಸಿ. ಇದೇ ಅವ್ರ ಬಾಯಿಗೆ ಬೀಗ ಹಾಕೋದು. ಸಿ ಅಂದ್ರೆ 289 ಕ್ಯುಬಿಕ್ ಇಂಚಿನ ವಿ8, ಟೂ ಬ್ಯಾರಲ್ ಕಾರ್ಬ್ಯುರೇಟರ್, 200 ಹಾರ್ಸ್‌ಪವರ್. ಎ ಅಂದ್ರೆ ಅದೇ ಎಂಜಿನ್ ಫೋರ್ ಬ್ಯಾರಲ್, 225. ಕೆ ಅಂದ್ರೆ ಹೈ ಪರ್ಫಾರ್ಮೆನ್ಸ್, 271. ಟಿ ಅಂದ್ರೆ ಸಿಕ್ಸ್ ಸಿಲಿಂಡರ್. ಫೋರ್ಡ್‌ನವ್ರು ಆಗ ಜಿಟಿ ಪ್ಯಾಕೇಜ್ ಕೊಡ್ತಿದ್ದಿದ್ದು ಎ ಮತ್ತೆ ಕೆ ಎಂಜಿನ್ ಜೊತೆ ಮಾತ್ರ. ಸಿ ನಂಬರಿನ ಜಿಟಿ ಅಂತ ಫ್ಯಾಕ್ಟರಿಯಿಂದ ಒಂದೂ ಹೊರಗೆ ಬಂದಿಲ್ಲ. ಮುಂದಿನ ಗ್ರಿಲ್‌ನಲ್ಲಿ ಫಾಗ್ ಲ್ಯಾಂಪ್, ಹಿಂದೆ ವ್ಯಾಲೆನ್ಸ್ (ಬಂಪರ್ ಕೆಳಗಿನ ತಗಡು) ತೂತಿಂದ ಕಹಳೆ ಥರ ಈಚೆ ಬರೋ ಎಕ್ಸಾಸ್ಟ್, ಜಿಟಿ ಬ್ಯಾಡ್ಜು, ಪಟ್ಟೆ, ಎಲ್ಲಾ ಇವತ್ತು ಆರ್ಡರ್ ಮಾಡಿದ್ರೆ ಮನೆ ಬಾಗ್ಲಿಗೆ ಬರತ್ತೆ. ಮಾಲೀಕರು ಸುಳ್ಳೇ ಹೇಳ್ತಿದಾರೆ ಅಂತ ನಾನು ಅನ್ನಲ್ಲ, ಅವ್ರಿಗೆ ಮಾರಿದೋರು ಹಂಗೆ ಹೇಳಿರಬಹುದು, ಅರವತ್ತು ವರ್ಷದಲ್ಲಿ ಎಷ್ಟು ಕೈ ದಾಟಿದ್ಯೋ.

ನಾನೂ ಒಂದ್ಸಲ ಹಿಂಗೇ ಬೀಳೋದ್ರಲ್ಲಿದ್ದೆ. ಫ್ರೆಂಡ್ ಜೊತೆ ಒಂದು ಕೆಂಪು ಫಾಸ್ಟ್‌ಬ್ಯಾಕ್ ನೋಡಕ್ಕೆ ಹೋಗಿದ್ದೆ, ಅದೂ ಜಿಟಿ ಅಂತ್ಲೇ, ನಂಬರಲ್ಲಿ ಎ ಇತ್ತು ಸೊ ನಂಬರ್ ಪ್ರಕಾರ ಸಾಧ್ಯ. ಪೇಂಟು ಅಂದ್ರೆ ಮುಖ ನೋಡ್ಕೋಬಹುದು, ನಾನಂತೂ ಆಗ್ಲೇ ಮನಸಲ್ಲಿ ಪಾರ್ಕಿಂಗ್ ಜಾಗ ಹುಡುಕ್ತಿದ್ದೆ. ಫ್ರೆಂಡ್ ಮಾತಾಡ್ದೆ ಕಾರಿನ ಹಿಂದೆ ನೆಲದ ಮೇಲೆ ಮಲ್ಕೊಂಡು ಟಾರ್ಚ್ ಬಿಟ್ಟ. ಫ್ಯಾಕ್ಟರಿ ಜಿಟಿಲಿ ಹಿಂದಿನ ಫ್ರೇಮ್ ರೈಲಿಗೆ ಎಕ್ಸಾಸ್ಟ್ ಹ್ಯಾಂಗರ್ ಹಿಡಿಯಕ್ಕೆ ಅಂತ ದಪ್ಪ ಪ್ಲೇಟ್ ವೆಲ್ಡ್ ಮಾಡಿರ್ತಾರೆ, ಈ ಕಾರಲ್ಲಿ ಪ್ಲೇಟೂ ಇಲ್ಲ ಏನೂ ಇಲ್ಲ, ತೆಳು ತಗಡಿಗೆ ನೇರವಾಗಿ ಸ್ಕ್ರೂ ಹೊಡೆದಿದ್ರು, ಒಂದು ಸ್ಕ್ರೂ ಹತ್ರ ತಗಡು ಹರಿದು ತುಕ್ಕು ಇಣುಕ್ತಿತ್ತು. ಎದ್ದು ಬೆನ್ನು ಕೊಡವ್ಕೊಂಡು "ನಡಿ ಮಾರಾಯ, ಕಾಫಿ ಕುಡಿಯೋಣ" ಅಂದ. ಅಷ್ಟೇ ಅವತ್ತಿನ ಕಥೆ.

ಇರ್ಲಿ, ನಿಮ್ಮ ಕಾರಿಗೆ ಬರ್ತೀನಿ. ಆ ನಂಬರ್ ನೀವು ಓದಿದ್ದು ಎಲ್ಲಿಂದ? ಡ್ರೈವರ್ ಡೋರಿನ ಪ್ಲೇಟಿಂದ ಅಂದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ. ಡೋರ್ ಬಿಚ್ಚಿ ಬೇರೆ ಡೋರ್ ಹಾಕ್ಬಹುದು, ಪ್ಲೇಟನ್ನಂತೂ ಬೇಕಾದ ನಂಬರ್ ಒತ್ತಿ ಹೊಸದಾಗೇ ಮಾಡ್ಕೊಡ್ತಾರೆ. ಅಸಲಿ ನಂಬರ್ ಇರೋದು ಬಾನೆಟ್ ಎತ್ತಿದ್ರೆ ಡ್ರೈವರ್ ಕಡೆ ಫೆಂಡರ್ ಪಕ್ಕದ ಒಳ ತಗಡಿನ ಮೇಲೆ, ಫೆಂಡರ್ ಅಂಚಲ್ಲಿ ಒಂದು ಕಚ್ಚು ಇರತ್ತೆ ಅದ್ರಿಂದ ಕಾಣತ್ತೆ, ಒಟ್ಟು 11 ಅಕ್ಷರ. ನಮ್ಮೂರಲ್ಲಿ ಆರ್‌ಟಿಓ ಕೆಲ್ಸಕ್ಕೆ ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗಿತಾರಲ್ಲ, ಅದೇ ಕೆಲ್ಸ ಇಲ್ಲೂ ಮಾಡಿ, ಮಾಲೀಕರನ್ನ ಕೇಳ್ಕೊಂಡೇ ಮಾಡಿ. ಅಕ್ಷರ ಒಂದೇ ಸಾಲಲ್ಲಿ ಇದ್ಯಾ, ಆಳ ಸುಮಾರಾಗಿ ಒಂದೇ ಥರ ಇದ್ಯಾ, ಸುತ್ತ ಗ್ರೈಂಡರ್ ಗೀರು ಇಲ್ಲ ವೆಲ್ಡಿಂಗ್ ಗಂಟು ಇದ್ಯಾ, ಬೆರಳಾಡಿಸಿ ನೋಡಿ, ಪೇಂಟ್ ಕಣ್ಣಿಗೆ ಮೋಸ ಮಾಡುತ್ತೆ, ಬೆರಳಿಗೆ ಮಾಡಲ್ಲ. ಅನುಮಾನ ಬಂದ್ರೆ ಫೆಂಡರ್ ಬಿಚ್ಚಿಸಿ, ಅದ್ರ ಮರೆಯಲ್ಲಿ ಇದೇ ನಂಬರ್ ಇನ್ನೂ ಒತ್ತಿರ್ತಾರೆ. ಪಿಂಕ್ ಸ್ಲಿಪ್ಪಲ್ಲಿರೋ (ಕ್ಯಾಲಿಫೋರ್ನಿಯಾದಲ್ಲಿ ಗಾಡಿಯ ಓನರ್‌ಶಿಪ್ ಪತ್ರ) ನಂಬರಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇದ್ರೂ ದುಡ್ಡು ಈಚೆ ತೆಗಿಬೇಡಿ, ನಂಬರ್ ತಿದ್ದಿದ ಗಾಡಿ ಪೊಲೀಸ್ರ ಕೈಗೆ ಹೋದ್ರೆ ವಾಪಸ್ ಬರೋದು ಕಷ್ಟ. ಮತ್ತೆ ಈಗಿನ ಕಾರಿನ ಥರ ಆನ್‌ಲೈನಲ್ಲಿ ನಂಬರ್ ಹಾಕಿ ಹಿಸ್ಟರಿ ತೆಗಿಯೋಣ ಅಂದ್ಕೊಂಡಿದ್ರೆ ಅದು 17 ಅಕ್ಷರದ ನಂಬರಿಗೆ, ಅಂದ್ರೆ 1981ರಿಂದ ಈಚೆಗೆ. ಫೋರ್ಡ್ ರೆಕಾರ್ಡ್ ನೋಡಿ ಕೊಡೋ ಮಾರ್ಟಿ ರಿಪೋರ್ಟೂ 67ರ ಮಾಡೆಲಿಂದ ಶುರು, ಒಂದು ವರ್ಷದಲ್ಲಿ ತಪ್ಪೋಯ್ತು ನಿಮಗೆ.

"ಮ್ಯಾಚಿಂಗ್ ನಂಬರ್ಸ್", ಅಂದ್ರೆ ಎಂಜಿನ್ ಮೇಲೂ ಕಾರಿನ ನಂಬರೇ ಇದೆ, ಇದು ಇದೇ ಕಾರಿನ ಎಂಜಿನ್ ಅನ್ನೋ ಮಾತು ಕೇಳಿದ್ರೆ ನಂಗೆ ನಗು ಬರತ್ತೆ. 65-66ರಲ್ಲಿ ಎಂಜಿನ್ ಮೇಲೆ ಕಾರಿನ ನಂಬರ್ ಒತ್ತಿದ್ದು ಕೆ ಎಂಜಿನಿಗೆ ಮಾತ್ರ. ಸಿ ಎಂಜಿನ್ ಮೇಲೆ ನಂಬರೇ ಇಲ್ಲ, ಮ್ಯಾಚ್ ಯಾವುದ್ರ ಜೊತೆ ಮಾಡ್ತಾರೆ? ಹೆಚ್ಚಂದ್ರೆ "ಆ ಕಾಲದ್ದೇ ಎಂಜಿನ್" ಅಂತ ಹೇಳ್ಬಹುದು. ಅದನ್ನ ನೋಡೋದು ಸುಲಭ, ಬ್ಲಾಕಿನ ಬಲಗಡೆ ಹಿಂದೆ, ಸ್ಟಾರ್ಟರ್ ಮೋಟರ್ ಮೇಲ್ಗಡೆ ಎರಕದಲ್ಲೇ ಮೂಡಿರೋ ಅಕ್ಷರ ಇರತ್ತೆ, ಗ್ರೀಸ್ ಒರೆಸಿ ಓದ್ಬೇಕು. ಸಿ5 ಸಿ6 ಅಂತ ಶುರುವಾದ್ರೆ ಅರವತ್ತರ ದಶಕ, ಡಿ ಅಂದ್ರೆ ಎಪ್ಪತ್ತು, ಇ ಅಂದ್ರೆ ಎಂಬತ್ತು. ಎಂಬತ್ತರ ಮಸ್ಟಾಂಗಿನ 5.0 ಎಂಜಿನ್ ಇದ್ರೊಳಗೆ ಆರಾಮಾಗಿ ಕೂರತ್ತೆ, ಹೊರಗಿಂದ ನೋಡಕ್ಕೂ ಅಣ್ತಮ್ಮನ ಥರ. ಪಕ್ಕದಲ್ಲಿ ತಾರೀಕೂ ಇರತ್ತೆ, 6ಸಿ12 ಅಂದ್ರೆ 66ರ ಮಾರ್ಚ್ 12. ಕಾರು ತಯಾರಾದ ದಿನಕ್ಕಿಂತ ಎಂಜಿನ್ ಎರಕ ಹೊಯ್ದ ದಿನ ಈಚೆಗಿದ್ರೆ, ಮಗು ಹುಟ್ಟಿದ್ಮೇಲೆ ಅಮ್ಮ ಹುಟ್ಟಿದ ಹಾಗಾಯ್ತು.

ಚಕ್ರಕ್ಕೆ ಎಷ್ಟು ನಟ್ ಅಂತಾನೂ ಎಣಿಸಿ. ಸಿಕ್ಸ್ ಸಿಲಿಂಡರಿಗೆ 4, ವಿ8ಗೆ 5. ವಿ8 ಕಾರಲ್ಲಿ 4 ನಟ್ ಕಂಡ್ರೆ ಒಂದೋ ಎಂಜಿನ್ ಆಮೇಲೆ ಹಾಕಿದ್ದು, ಇಲ್ಲ ಅಡಿಭಾಗ ಇನ್ಯಾವುದೋ ಕಾರಿಂದು. ಎರಡ್ರಲ್ಲಿ ಯಾವುದಾದ್ರೂ ದೊಡ್ಡ ಎಂಜಿನ್‌ನ ಚಿಕ್ಕ ಬ್ರೇಕು, ತೆಳು ಆಕ್ಸಲ್ ನಿಲ್ಲಿಸ್ಬೇಕು, ನಾನಂತೂ ಕೂರಲ್ಲ.

ಮಾಡಿಫಿಕೇಶನ್ ಬಗ್ಗೆ ಕೇಳಿದ್ರಿ. ಮಾಡಿಫೈ ಆಗಿರೋದೇ ತಪ್ಪು ಅಂತ ಮಡಿವಂತಿಕೆ ನಂಗಿಲ್ಲ. ಮುಂದೆ ಡಿಸ್ಕ್ ಬ್ರೇಕ್, ಫೈವ್ ಸ್ಪೀಡು, ಇವೆಲ್ಲ ಬೋಲ್ಟ್ ಬಿಚ್ಚಿದ್ರೆ ವಾಪಸ್ ಹೋಗೋವು, ಹೈವೇಲಿ ಓಡ್ಸಕ್ಕೆ ಒಳ್ಳೇದೇ. ಹಳೇ ಗೇರ್‌ಬಾಕ್ಸ್ ಡಬ್ಬದಲ್ಲಿ ಕಟ್ಟಿಟ್ಟಿದಾರಾ ಕೇಳಿ, ಇದ್ರೆ ಅದಕ್ಕೂ ಬೆಲೆ ಇದೆ. ಆದ್ರೆ ಬೇರೆ ಸಸ್ಪೆನ್ಶನ್ ಹಾಕಕ್ಕೆ ಅಂತ ಎಂಜಿನ್ ಪಕ್ಕದ ಶಾಕ್ ಟವರ್ (ಸಸ್ಪೆನ್ಶನ್ ಹಿಡಿಯೋ ತಗಡಿನ ಗೋಪುರ) ಕತ್ತರಿಸಿದ್ರೆ ಅದು ವಾಪಸ್ ಬರಲ್ಲ, ಅಲ್ಲಿ ವೆಲ್ಡಿಂಗ್ ಮಾಡಿದ ಕೈ ಯಾರ್ದು ಅನ್ನೋದ್ರ ಮೇಲೆ ಪೂರ್ತಿ ಕಾರಿನ ಬೆಲೆ ನಿಂತಿರತ್ತೆ. ಶೆಲ್ಬಿ (ಮಸ್ಟಾಂಗನ್ನ ರೇಸಿಗೆ ಹದ ಮಾಡಿ ಮಾರ್ತಿದ್ದ ಕಂಪನಿ) ವೇಷದ ಕಾರುಗಳ ಕಥೇನೂ ಇದೇ, 1965ರ ಜಿಟಿ350 ಮಾಡಿದ್ದೇ 562, ಎಲ್ಲಾ ಸ್ಯಾನ್ ಹೊಸೆಯ ಕೆ ಫಾಸ್ಟ್‌ಬ್ಯಾಕು, ಶೆಲ್ಬಿ ಕ್ಲಬ್ಬಿನ ರಿಜಿಸ್ಟ್ರಿಯಲ್ಲಿ ಲೆಕ್ಕ ಇದೆ, ಉಳಿದವು ಚೆಂದದ ನಕಲು, ನಕಲು ಅಂತ ಹೇಳಿ ಮಾರಿದ್ರೆ ಜಗಳ ಇಲ್ಲ.

ಬೆಲೆ ಹಿಂಗೆ ಲೆಕ್ಕ ಹಾಕಿ: ಜಿಟಿ ಅನ್ನೋ ಪದ ಅಳಿಸಿ, "ಸಿ ಫಾಸ್ಟ್‌ಬ್ಯಾಕ್, ಮಾಡಿಫೈಡ್" ಅಂತ ಬರ್ಕೊಳ್ಳಿ. ಹಳೇ ಕಾರುಗಳ ಬೆಲೆ ತೋರ್ಸೋ ಹ್ಯಾಗರ್ಟಿ ವ್ಯಾಲ್ಯುಯೇಶನ್ ಟೂಲಲ್ಲಿ ಕಂಡೀಷನ್ 1ರಿಂದ (ಎಲ್ಲಕ್ಕಿಂತ ಚೆನ್ನಾಗಿರೋದು) 4ರವರೆಗೆ ಇರತ್ತೆ, ಹೊಳೆಯೋ ಕಾರೆಲ್ಲ 2 ಅಂತ ಅಂದ್ಕೋಬೇಡಿ, ದಿನಾ ಓಡೋ ಒಳ್ಳೇ ಕಾರು ಬಹುಪಾಲು 3. ಆಮೇಲೆ ಬ್ರಿಂಗ್ ಎ ಟ್ರೇಲರ್ ಥರದ ಹರಾಜಲ್ಲಿ ಅಂಥದ್ದೇ ಕಾರು ಎಷ್ಟಕ್ಕೆ ಹೋಯ್ತು ನೋಡಿ, ಕೇಳಿದ ರೇಟಲ್ಲ, ಹೋದ ರೇಟು. "ನಾನು ಇಷ್ಟು ಸಾವಿರ ಖರ್ಚು ಮಾಡಿದೀನಿ" ಅಂತ ರಸೀದಿ ತೋರಿಸ್ತಾರೆ, ರಸೀದಿ ಕೆಲ್ಸ ಆಗಿರೋದಕ್ಕೆ ಸಾಕ್ಷಿ, ಅಷ್ಟೂ ದುಡ್ಡು ನೀವು ತುಂಬ್ಕೊಡ್ಬೇಕು ಅಂತಲ್ಲ.

ಶನಿವಾರ ಹೋಗ್ತಾ ಒಂದು ಆಯಸ್ಕಾಂತ, ಟಾರ್ಚ್, ಎರಡು ಬಾಟ್ಲಿ ನೀರು ತಗೊಂಡೋಗಿ. ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಹಿಂದಿನ ಚಕ್ರದ ಸುತ್ತ ಆಡ್ಸಿ, ಹಿಡೀಲಿಲ್ಲ ಅಂದ್ರೆ ಅಲ್ಲಿರೋದು ತಗಡಲ್ಲ, ಪುಟ್ಟಿ. ನೀರು ಕುಡಿಯಕ್ಕಲ್ಲ. ಮುಂದಿನ ಗ್ಲಾಸ್ ಕೆಳಗೆ ಗಾಳಿ ಹೋಗೋ ಜಾಲಿ ಇದ್ಯಲ್ಲ, ಅಲ್ಲಿ ನಿಧಾನಕ್ಕೆ ಸುರೀರಿ, ಒಳಗೆ ಡ್ಯಾಶ್ ಕೆಳಗೆ ಇನ್ನೊಬ್ರು ಟಾರ್ಚ್ ಹಿಡ್ಕೊಂಡಿರ್ಲಿ. ಈ ಕಾರುಗಳಲ್ಲಿ ಆ ಜಾಗ ಒಳಗೊಳಗೇ ಕೊಳೆಯತ್ತೆ, ಹೊರಗೆ ಏನೂ ಕಾಣಲ್ಲ, ರಿಪೇರಿಗೆ ಗ್ಲಾಸು ಫೆಂಡರ್ ಎಲ್ಲಾ ಬಿಚ್ಚಿ ಸ್ಪಾಟ್ ವೆಲ್ಡ್ ಒಂದೊಂದಾಗಿ ಕೊರೆದು ತೆಗಿಬೇಕು. ಕಾರ್ಪೆಟ್ ಮೇಲೆ ಹನಿ ಬಿದ್ರೆ ಆ ಖರ್ಚು ಕಳೆದು ರೇಟ್ ಹೇಳಿ. ನೀರೇ ಹಾಕಕ್ಕೆ ಬಿಡಲ್ಲ ಅಂದ್ರೆ ನಮಸ್ಕಾರ ಹೇಳಿ 680ರಲ್ಲಿ ವಾಪಸ್ ಬನ್ನಿ, ಹೆಂಗೂ ದಾರೀಲಿ ಮಿಲ್ಪಿಟಸ್ ಸಿಗತ್ತೆ, ಆ ಕಾರ್ ಹುಟ್ಟಿದ ಜಾಗದಲ್ಲಿ ಮನೆಯವ್ರಿಗೆ ಏನಾದ್ರೂ ಕೊಡ್ಸಿ.