ಮೆಟ್ಟಿಲಂಚಿನ ಅಕ್ಷರಗಳು ಬಂದದ್ದೆಲ್ಲಿಂದ?

ಹಳೇ ವಿಡಿಯೊ ಗೇಮಿನ ಅಕ್ಷರಗಳು ಈಗ ಟೀ ಶರ್ಟ್, ಪೋಸ್ಟರ್, ಆ್ಯಪ್ ಎಲ್ಲದರ ಮೇಲೂ ಕಾಣುತ್ತವೆ. ಅಂಚು ಮೆಟ್ಟಿಲು ಮೆಟ್ಟಿಲಾಗಿರುವ ಈ ಪಿಕ್ಸೆಲ್ (ಪರದೆಯ ಚುಕ್ಕೆ) ಫಾಂಟುಗಳನ್ನು ಇವತ್ತು ಚೆಂದಕ್ಕೆ ಅಂತ ಬಳಸುತ್ತೇವೆ. ಹುಟ್ಟಿದ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ.

1970ರ ದಶಕದಲ್ಲಿ ಮೆಮೊರಿ ಬಲು ದುಬಾರಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಿತ್ತು. ಹಾಗಾಗಿ ಗೇಮುಗಳಲ್ಲಿ ಒಂದು ಅಕ್ಷರಕ್ಕೆ ಅಡ್ಡ 8, ಉದ್ದ 8 ಚುಕ್ಕೆ. ಚುಕ್ಕೆಗೊಂದು ಬಿಟ್, 8 ಬಿಟ್ ಸೇರಿ ಒಂದು ಬೈಟ್; ಅಂದರೆ ಅಕ್ಷರಕ್ಕೆ 8 ಬೈಟ್, ಅಷ್ಟೇ. ಪಕ್ಕದ ಅಕ್ಷರಕ್ಕೆ ತಾಗದಂತೆ ಒಂದು ಸಾಲು ಖಾಲಿ ಬಿಟ್ಟರೆ ಕೈಗೆ ಸಿಗುವುದು 7. ಅಮೆರಿಕದ ಗೇಮ್ ಕಂಪನಿ ಅಟಾರಿಯ ಆಟಗಳಲ್ಲಿದ್ದ ಇಂಥದ್ದೊಂದು ದಪ್ಪ ಫಾಂಟನ್ನು ಜಪಾನಿನ ಗೇಮ್ ಕಂಪನಿ ನಾಮ್ಕೊ ಕೂಡ ಹಾಕಿಕೊಂಡಿತು. ಗೂಗಲ್ ಫಾಂಟ್ಸ್‌ನಲ್ಲಿರುವ 'ಪ್ರೆಸ್ ಸ್ಟಾರ್ಟ್ 2ಪಿ' ಆ ವಂಶದ್ದೇ.

ನನ್ನನ್ನು ಕೇಳಿದರೆ, ಈ ಬಡತನದಲ್ಲಿ ನಿಜವಾದ ಕೈಚಳಕ ಕಂಡದ್ದು 1984ರ ಆ್ಯಪಲ್ ಕಂಪ್ಯೂಟರ್ ಮ್ಯಾಕಿಂಟಾಷ್‌ನಲ್ಲಿ. ಪರದೆ 512 × 342 ಚುಕ್ಕೆಯದು. ಕಪ್ಪು, ಬಿಳಿ ಬಿಟ್ಟರೆ ಮೂರನೇ ಬಣ್ಣವಿಲ್ಲ. ಅದಕ್ಕೆ ಅಕ್ಷರ ಬಿಡಿಸಿದವರು ಸೂಸನ್ ಕೇರ್. ಕಲೆಯಲ್ಲಿ ಪಿಎಚ್‌ಡಿ ಮಾಡಿದ್ದ ಅವರಿಗೆ ಫಾಂಟ್ ಮಾಡಿ ಅಭ್ಯಾಸವಿರಲಿಲ್ಲ. ಫಾಂಟುಗಳಿಗೆ ಮೊದಲು ಫಿಲಡೆಲ್ಫಿಯಾ ಕಡೆಯ ರೈಲು ನಿಲ್ದಾಣಗಳ ಹೆಸರಿಟ್ಟಿದ್ದರಂತೆ. ಅಷ್ಟು ಚಿಕ್ಕ ಊರು ಬೇಡ, ಜಗತ್ತಿನ ದೊಡ್ಡ ನಗರಗಳ ಹೆಸರಿಡಿ ಅಂದದ್ದು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್.

ಮೆನುಗಳಿಗೆ ಬಳಸಿದ 'ಷಿಕಾಗೊ' ಫಾಂಟ್ ನೋಡಿ. ನಿಂತ ಗೆರೆಗಳು 2 ಪಿಕ್ಸೆಲ್ ದಪ್ಪ. ಸದ್ಯಕ್ಕೆ ಕೆಲಸ ಮಾಡದ ಮೆನುವನ್ನು ಮಸುಕಾಗಿ ತೋರಿಸಬೇಕಿತ್ತು, ಆದರೆ ಬೂದು ಬಣ್ಣವೇ ಇಲ್ಲವಲ್ಲ! ಒಂದು ಬಿಟ್ಟು ಒಂದು ಚುಕ್ಕೆ ಅಳಿಸಿದರು. 1 ಪಿಕ್ಸೆಲ್ ಗೆರೆಯಾಗಿದ್ದರೆ ಚುಕ್ಕಿ ಚುಕ್ಕಿಯಾಗಿ ಒಡೆದುಹೋಗುತ್ತಿತ್ತು. 2 ಇದ್ದದ್ದಕ್ಕೆ ಅಂಕುಡೊಂಕಾದರೂ ಓದಲು ಬಂತು. 2001ರ ಮೊದಲ ಐಪಾಡ್‌ಗೂ ಇದೇ ಫಾಂಟು.

ಇನ್ನೊಂದು ಕಡೆ, ಕ್ಯಾಲಿಫೋರ್ನಿಯಾದ ಜುಜಾನಾ ಲಿಚ್ಕೊ ಅದೇ ಮ್ಯಾಕ್ ಹಿಡಿದು 1985ರಲ್ಲಿ 'ಓಕ್‌ಲ್ಯಾಂಡ್' ಎಂಬ ಫಾಂಟ್ ಮಾಡಿದರು. ಒರಟು ಅಂಚನ್ನು ಮುಚ್ಚಿಡದೆ 'ಎಮಿಗ್ರೆ' ಪತ್ರಿಕೆಯಲ್ಲಿ ಹಾಗೇ ಅಚ್ಚು ಹಾಕಿದರು. 2011ರಲ್ಲಿ ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ ಆ ಫಾಂಟನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

1991ರಲ್ಲಿ ಅಕ್ಷರವನ್ನು ಚುಕ್ಕೆಗಳ ಬದಲು ಗೆರೆಗಳ ಆಕಾರವಾಗಿ ಇಡುವ ಟ್ರೂಟೈಪ್ ಬಂತು. ಯಾವ ಅಳತೆಗೆ ಹಿಗ್ಗಿಸಿದರೂ ನುಣುಪು. ಅಲ್ಲಿಂದ ಪಿಕ್ಸೆಲ್ ಫಾಂಟ್ ಮೆಲ್ಲಮೆಲ್ಲಗೆ ಅಲಂಕಾರವಾಯಿತು. ಡಿಸೈನ್ ಮಾಡುವವರಿಗೊಂದು ಕಿವಿಮಾತು: 'ಪ್ರೆಸ್ ಸ್ಟಾರ್ಟ್' ಬಳಸುವಾಗ 8, 16, 24 ಹೀಗೇ ಅಳತೆ ಕೊಡಿ. 13 ಕೊಟ್ಟರೆ ಅಂಚೆಲ್ಲ ಕಲಸಿಹೋಗುತ್ತದೆ.

ಕನ್ನಡ ಮಾತ್ರ ಈ 8 ಸಾಲಿನಲ್ಲಿ ಕೂರುವುದಿಲ್ಲ. 'ಸ್ತ್ರೀ' ಬರೆದು ನೋಡಿ. ಮೇಲೆ ಗುಡಿಸು, ನಡುವೆ ಸಕಾರ, ಕೆಳಗೆ ಎರಡೆರಡು ಒತ್ತು. ದ ಮತ್ತು ಧ ಬೇರೆ ಅಂತ ತೋರಿಸುವ ಹೊಟ್ಟೆ ಸೀಳಿಗೂ ಒಂದು ಪಿಕ್ಸೆಲ್ ಬೇಕಲ್ವಾ? ಜಗತ್ತಿನ ಬಹುಪಾಲು ಲಿಪಿಗಳನ್ನು ಸೇರಿಸಿಕೊಂಡ ಯುನಿಫಾಂಟ್ ಎಂಬ ಪಿಕ್ಸೆಲ್ ಫಾಂಟು 16 ಸಾಲು ಕೊಡುತ್ತದೆ. ಬಿಡಿ ಅಕ್ಷರಕ್ಕೆ ಅಷ್ಟು ಸಾಕು, ಒತ್ತು ಬಂದರೆ ಇಕ್ಕಟ್ಟು. ಕನ್ನಡಕ್ಕೆ ಪಿಕ್ಸೆಲ್ ಫಾಂಟ್ ಮಾಡಲು ಹೊರಟವರು ಮೊದಲು ಒತ್ತಿಗೆ ಎಷ್ಟು ಸಾಲು ಅಂತ ಎತ್ತಿಡಬೇಕು. ತಲೆಕಟ್ಟಿನ ಲೆಕ್ಕ ಆಮೇಲೆ.