ಪದ ಪರಿಚಯ: ಜೌಗು ನೆಲ

ದೊಡ್ಡಬಳ್ಳಾಪುರದ ಕಡೆ ಗೆಳೆಯನೊಬ್ಬ ಎರಡು ಎಕರೆ ಜಮೀನು ಕೊಳ್ಳಲು ಹೊರಟಿದ್ದ. ನೋಡಲು ನಾನೂ ಜೊತೆಗೆ ಹೋದೆ. ಮಾರ್ಚ್ ತಿಂಗಳು. ನೆಲ ಒಣಗಿ ಬಿರುಕು ಬಿಟ್ಟಿತ್ತು. ಮಟ್ಟಸವಾಗಿತ್ತು, ಒಂದು ಕಲ್ಲೂ ಇರಲಿಲ್ಲ. "ಲೆವೆಲ್ ಮಾಡಿಸೋ ಖರ್ಚೇ ಇಲ್ಲ ಸಾರ್" ಅಂದರು ತೋರಿಸಲು ಬಂದವರು. ಪಕ್ಕದಲ್ಲಿ ಹಸು ಮೇಯಿಸುತ್ತಿದ್ದ ಅಜ್ಜಿಯನ್ನು ಮಾತಾಡಿಸಿದೆವು. "ಇದಾ? ಇದು ಕುಂಟೆ ಕಣಪ್ಪ. ದೀಪಾವಳಿ ಕಳೆಯೋವರೆಗೂ ಎಮ್ಮೆ ಇದ್ರಲ್ಲೇ ಬಿದ್ದಿರ್ತಿದ್ವು" ಅಂದರು. ಕುಂಟೆ ಅಂದರೆ ಮಳೆ ನೀರು ನಿಲ್ಲುವ ಸಣ್ಣ ಹೊಂಡ. ಒಣ ನೆಲ ಎಂದು ನಾವು ಮೆಚ್ಚಿದ್ದ ಆ ಬಿರುಕುಗಳು ನೀರು ನಿಂತು ಇಂಗಿದ ಗುರುತುಗಳಾಗಿದ್ದವು.

ಇಂಥ ನೆಲಕ್ಕೆ ಜೌಗು, ಜವುಗು ಎಂಬ ಹೆಸರಿದೆ. ಪತ್ರಿಕೆಗಳು ಜೌಗು ಪ್ರದೇಶ ಅನ್ನುತ್ತವೆ. ಕೆಲವರು ತೇವಭೂಮಿ ಅನ್ನುತ್ತಾರೆ. ಸುಮ್ನೆ ವೆಟ್‌ಲ್ಯಾಂಡ್ ಅನ್ನುವವರೂ ಜಾಸ್ತಿ. ಪದ ಕೇಳಿದ ಕೂಡಲೇ ಮೊಣಕಾಲುದ್ದ ಕೆಸರು, ತಾವರೆ, ಕೊಕ್ಕರೆ ಕಣ್ಣಿಗೆ ಬರುತ್ತವೆ. ಅದೂ ಜೌಗೇ. ಆದರೆ ಈ ಪದದ ತಿರುಳು ದಿನಗಳ ಲೆಕ್ಕದಲ್ಲಿದೆ. ನೀರು ಮೇಲೆ ನಿಂತಿರಲಿ, ಅರ್ಧ ಅಡಿ ಕೆಳಗೆ ತುಂಬಿಕೊಂಡಿರಲಿ, ಬೇರಿಗೆ ಗಾಳಿ ಸಿಗದಷ್ಟು ದಿನ ಅಲ್ಲೇ ಉಳಿದರೆ ಮಣ್ಣಿನ ಗುಣ ಬದಲಾಗುತ್ತದೆ. ಮಣ್ಣಿನ ಜೊತೆ ಗಿಡಗಳೂ ಬದಲಾಗುತ್ತವೆ. ಉಳಿದ ಎಂಟು ತಿಂಗಳು ಒಣಗಿದ್ದರೂ ಅದು ಜೌಗು ನೆಲವೇ.

1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಊರಿನಲ್ಲಿ ಈ ಬಗ್ಗೆ ದೇಶಗಳ ನಡುವೆ ಒಪ್ಪಂದವಾಯಿತು. ಭಾರತ 1982ರಲ್ಲಿ ಸೇರಿತು. ಆ ಒಪ್ಪಂದದ ವ್ಯಾಖ್ಯೆ ತುಂಬ ದೊಡ್ಡದು. ನೀರು ವರ್ಷವಿಡೀ ಇರಬಹುದು, ಕೆಲವು ತಿಂಗಳು ಮಾತ್ರ ಇರಬಹುದು. ನಿಂತಿರಬಹುದು, ಹರಿಯಬಹುದು. ತಾನಾಗಿ ಆಗಿರಬಹುದು, ಜನ ಕಟ್ಟಿದ್ದೂ ಆಗಿರಬಹುದು. ನಮ್ಮ ರಂಗನತಿಟ್ಟು 2022ರಲ್ಲಿ ಆ ಒಪ್ಪಂದದ ಜೌಗುಗಳ ಪಟ್ಟಿಗೆ ಸೇರಿತು. ಅದೇ ವ್ಯಾಖ್ಯೆ ಹಿಡಿದು ನೋಡಿದರೆ ಅಜ್ಜಿಯ ಕುಂಟೆಯೂ ಜೌಗೇ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪಹಣಿಯಲ್ಲಿ ತರಿ ಎಂಬ ಪದ ಕಂಡು ಕೆಲವರು ಅದನ್ನೇ ಜೌಗು ಅಂದುಕೊಳ್ಳುತ್ತಾರೆ. ಕಂದಾಯದ ಲೆಕ್ಕದಲ್ಲಿ ಜಮೀನು ಮೂರು ಬಗೆ: ತರಿ, ಖುಷ್ಕಿ, ಬಾಗಾಯ್ತು. ಖುಷ್ಕಿ ಅಂದರೆ ಮಳೆ ನಂಬಿದ ಹೊಲ, ಬಾಗಾಯ್ತು ಅಂದರೆ ತೋಟ. ತರಿ ಅಂದರೆ ಕೆರೆ, ಕಾಲುವೆಯ ನೀರು ಹಾಯಿಸಿ ಭತ್ತ ಬೆಳೆಯುವ ಜಮೀನು. ನೀರು ಅಲ್ಲಿಗೆ ತೂಬಿನಿಂದ ಬರುತ್ತದೆ, ರೈತ ಬೇಡ ಅಂದಾಗ ನಿಲ್ಲುತ್ತದೆ. ಜೌಗಿನ ನೀರಿಗೆ ಅಂಥ ಬಾಗಿಲಿಲ್ಲ. ಹಾಗಾಗಿ ತರಿ ಅಂತ ಬರೆದದ್ದೆಲ್ಲ ಜೌಗಲ್ಲ. ಖುಷ್ಕಿ ಅಂತ ಬರೆದ ಜಮೀನಿನ ತಗ್ಗಿನಲ್ಲಿ ಜೌಗು ಇರಬಹುದು. ಉತ್ತರ ಕರ್ನಾಟಕದ ನೀರಾವರಿ ಕಡೆ ಸವಳು-ಜವಳು ಅನ್ನುತ್ತಾರಲ್ಲ, ಅದು ಇನ್ನೊಂದು ಕಥೆ. ಅತಿಯಾಗಿ ನೀರು ಹಾಯಿಸಿ ಕೆಟ್ಟ ಹೊಲ ಅದು.

ಪಹಣಿಯಲ್ಲಿ ನೋಡಬೇಕಾದ ಪದ ಖರಾಬು. ಬೆಳೆಗೆ ಬಾರದ ತುಂಡನ್ನು ಎ ಖರಾಬು ಎಂದೂ, ಹಳ್ಳ, ದಾರಿ, ಕುಂಟೆಯಂಥ ಎಲ್ಲರಿಗೂ ಸೇರಿದ ತುಂಡನ್ನು ಬಿ ಖರಾಬು ಎಂದೂ ಬರೆಯುತ್ತಾರೆ. ನನಗೆ ಈ ಪದ ಕಂಡರೆ ಬೇಸರವಾಗುತ್ತದೆ. ಮಳೆ ನೀರನ್ನು ತಡೆದು, ಸುತ್ತಲಿನ ಬಾವಿಗಳಿಗೆ ಇಳಿಸಿ, ಕೆಳಗಿನ ಕೆರೆಗೆ ಹೂಳು ಹೋಗದಂತೆ ಹಿಡಿಯುವ ನೆಲವನ್ನು ನಾವು ಕಾಗದದ ಮೇಲೆ ಕೆಟ್ಟದ್ದು ಅಂತ ಬರೆದಿಟ್ಟೆವು. ಕೆಟ್ಟದ್ದು ಅಂತ ಹೆಸರಿಟ್ಟ ಮೇಲೆ ಅದನ್ನು ಮುಚ್ಚುವವರಿಗೆ ಯಾವ ಅಳುಕೂ ಇರುವುದಿಲ್ಲ.

ಸರಿ, ಜಮೀನಿನಲ್ಲಿ ನಿಂತು ಜೌಗನ್ನು ಗುರುತು ಹಿಡಿಯುವುದು ಹೇಗೆ? ಅಮೆರಿಕದ ಸೇನೆಯ ಎಂಜಿನಿಯರುಗಳು 1987ರಲ್ಲಿ ಇದಕ್ಕೆ ಒಂದು ಕೈಪಿಡಿ ಮಾಡಿದರು. ಮೂರು ಸಾಕ್ಷಿ ಕೇಳುತ್ತದೆ ಅದು: ಗಿಡ, ಮಣ್ಣು, ನೀರು. ಸಾಮಾನ್ಯವಾಗಿ ಮೂರೂ ಹೌದು ಅಂದರೆ ಮಾತ್ರ ಜೌಗು. ಕಾನೂನು ಅವರದು, ಗಿಡಗಳ ಪಟ್ಟಿಯೂ ಅವರದು. ಆದರೆ ನೀರಿಗೂ ಮಣ್ಣಿಗೂ ಇರುವ ನಂಟು ಎಲ್ಲ ಕಡೆ ಒಂದೇ. ಹಾಗಾಗಿ ಆ ಮೂರು ಪ್ರಶ್ನೆ ಇಲ್ಲೂ ನಡೆಯುತ್ತದೆ.

ನಾನು ಹೆಚ್ಚು ನಂಬುವುದು ಮಣ್ಣನ್ನು. ಒಂದು ಹಾರೆ, ಒಂದು ಗುದ್ದಲಿ ಇದ್ದರೆ ಸಾಕು. ಒಂದೂವರೆ ಅಡಿ ಆಳದ ಗುಂಡಿ ತೋಡಿ. ಬೆಂಗಳೂರಿನ ಸುತ್ತ ಬಹುಪಾಲು ಕೆಂಪು ಮಣ್ಣು. ಕೆಂಪು ಬಂದಿರುವುದು ಕಬ್ಬಿಣದ ತುಕ್ಕಿನಿಂದ. ತುಕ್ಕು ಹಿಡಿಯಲು ಗಾಳಿ ಬೇಕು ಅಲ್ವಾ? ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಕೂತರೆ ಗಾಳಿ ಒಳಗೆ ಬರುವುದಿಲ್ಲ. ಇದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಆಮೇಲೆ ಅವು ತುಕ್ಕಿಗೇ ಕೈಹಾಕುತ್ತವೆ. ಆಗ ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗುತ್ತದೆ, ನೀರಿನ ಜೊತೆ ಜಾರುತ್ತದೆ. ಕೆಂಪು ಹೋಗಿ ಬೂದಿ ಬಣ್ಣದ ಜೇಡಿ ಉಳಿಯುತ್ತದೆ. ಬೇರಿನ ಜಾಡಿನಲ್ಲಿ ಸ್ವಲ್ಪ ಗಾಳಿ ಇಳಿದ ಕಡೆ ಕಬ್ಬಿಣ ಮತ್ತೆ ತುಕ್ಕಾಗಿ ಕಿತ್ತಳೆ ಗೆರೆ ಎಳೆಯುತ್ತದೆ. ಬೂದಿ ಮಣ್ಣಿನ ನಡುವೆ ಆ ಸಣ್ಣ ಕಿತ್ತಳೆ ಗೆರೆಗಳು ಕಂಡರೆ, ನೀರು ಬರುತ್ತದೆ, ನಿಲ್ಲುತ್ತದೆ, ಇಂಗುತ್ತದೆ, ಮತ್ತೆ ಬರುತ್ತದೆ ಎಂದು ಅರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಇನ್ನೂ ಜಾಸ್ತಿ ದಿನ ನಿಲ್ಲುತ್ತದೆ.

ಅಂದು ನಮ್ಮ ಗುಂಡಿಯಲ್ಲಿ ಆದದ್ದೂ ಇದೇ. ಮೇಲಿನ ಮುಕ್ಕಾಲು ಅಡಿ ಚೆನ್ನಾದ ಕೆಂಪು ಮಣ್ಣು. ಅದರ ಕೆಳಗೆ ಇದ್ದಕ್ಕಿದ್ದಂತೆ ಬೂದಿ. ಮಧ್ಯೆ ಕತ್ತರಿಸಿದ ಹಾಗೆ ಗೆರೆ. ಯಾರೋ ಹೊರಗಿನ ಮಣ್ಣು ಹೊಡೆದಿದ್ದರು. ನಲವತ್ತು ಹೆಜ್ಜೆ ಮೇಲೆ, ಹುಣಸೆ ಮರದ ಹತ್ತಿರ ಇನ್ನೊಂದು ಗುಂಡಿ ತೋಡಿದೆವು. ಅಲ್ಲಿ ತಳದವರೆಗೂ ಕೆಂಪು. ಹೀಗೆ ಎರಡು ಗುಂಡಿ ತೋಡಲೇಬೇಕು. ಬಂಡೆ ಕೊಳೆತು ಆದ ಬಿಳಿಚು ಮಣ್ಣು ಕೆಲವು ಕಡೆ ಇರುತ್ತದೆ. ಒಂದೇ ಗುಂಡಿ ನೋಡಿದರೆ ಅದನ್ನೂ ಜೌಗು ಅಂದುಕೊಂಡುಬಿಡುತ್ತೇವೆ.

ಗಿಡದ ಸಾಕ್ಷಿ ಸುಲಭ, ಆದರೆ ಮೋಸ ಹೋಗಬಹುದು. ಆಪು, ಜಂಬು ದಟ್ಟವಾಗಿ ನಿಂತಿದ್ದರೆ ಬೇರೆ ಮಾತಿಲ್ಲ. ಹೊನಗೊನ್ನೆ, ಒಂದೆಲಗ, ಗರಗ ಕೂಡ ತೇವ ಬಯಸುವ ಗಿಡಗಳೇ. ಆದರೆ ಒಂದೆಲಗ ಬಚ್ಚಲ ನೀರು ಹರಿಯುವಲ್ಲೂ ಹಬ್ಬುತ್ತದೆ. ಕೊನ್ನಾರಿ ರಾಗಿ ಹೊಲದಲ್ಲೂ ಕಾಡುತ್ತದೆ. ನೀಲಗಿರಿ ಹಾಕಿದ ಜಮೀನಿನಲ್ಲಿ ಕೆಳಗೆ ಏನೂ ಉಳಿದಿರುವುದಿಲ್ಲ, ಅಲ್ಲಿ ಗಿಡ ನೋಡಿ ಏನೂ ಹೇಳಲಾಗದು. ಬೆಳ್ಳಕ್ಕಿ ಕಂಡಿತು ಅಂತ ಜೌಗು ಅನ್ನಬೇಡಿ. ಅದು ಟ್ರ್ಯಾಕ್ಟರಿನ ಹಿಂದೆಯೂ ಬರುತ್ತದೆ. ಅದಕ್ಕಿಂತ ಹಳೇ ರಾಗಿ ಬೆಳೆಯ ಬಗ್ಗೆ ಕೇಳಿ. ಹೊಲದ ಯಾವ ಮೂಲೆಯಲ್ಲಿ ಪೈರು ಹಳದಿಯಾಗಿ ಕೊಳೆಯುತ್ತಿತ್ತು ಅನ್ನುವುದು ಉತ್ತವರಿಗೆ ಗೊತ್ತಿರುತ್ತದೆ.

ಮೂರನೆಯದು ನೀರು. ಅಮೆರಿಕದವರ ಅಳತೆ ಹೀಗಿದೆ: ಬೆಳೆ ಬರುವ ಕಾಲದಲ್ಲಿ ಸತತ 14 ದಿನ ನೀರು ಮೇಲೆ ನಿಂತಿರಬೇಕು ಇಲ್ಲವೇ ಒಂದಡಿಯೊಳಗೆ ಇರಬೇಕು. ಹತ್ತು ವರ್ಷದಲ್ಲಿ ಐದು ವರ್ಷವಾದರೂ ಹೀಗಾಗಬೇಕು. ನಮ್ಮಲ್ಲಿ ಇದನ್ನು ನೋಡಲು ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಮಳೆ ಜಾಸ್ತಿ. ಬೇಸಿಗೆಯಲ್ಲಿ ಹೋದರೆ ಗುರುತು ಹುಡುಕಬೇಕು. ಬೇಲಿಗೆ ಸಿಕ್ಕಿಕೊಂಡ ಒಣ ಕಸದ ಗೆರೆ, ಮರದ ಬುಡದಲ್ಲಿ ಕೆಸರಿನ ಕಲೆ, ಏಡಿ ಬಿಲ, ಬಸವನಹುಳುವಿನ ಖಾಲಿ ಚಿಪ್ಪು, ನೆಲದ ಮೇಲೆ ಕಾಗದದಂತೆ ಎದ್ದ ಒಣ ಪಾಚಿ. ಈ ಮೂರನೇ ಸಾಕ್ಷಿ ಬೇಕಾಗಿರುವುದಕ್ಕೆ ಕಾರಣ ಇದೆ. ನೀರಿನ ದಾರಿ ಬೇರೆ ಕಡೆ ತಿರುಗಿ ಎಷ್ಟೋ ವರ್ಷವಾದರೂ ಮಣ್ಣಿನ ಬೂದಿ ಬಣ್ಣ ಹಾಗೇ ಉಳಿಯುತ್ತದೆ. ಹಿಂದೆ ಇದ್ದ ಜೌಗೋ, ಈಗಲೂ ಇರುವ ಜೌಗೋ ಅಂತ ನೀರೇ ಹೇಳಬೇಕು.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಊರು ಕೂತಿರುವುದು ಸುಮಾರು 920 ಮೀಟರ್ ಎತ್ತರದ ದಿಬ್ಬದ ಮೇಲೆ. ಮಳೆ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು. ಬೊಮ್ಮಸಂದ್ರ, ಥಣಿಸಂದ್ರ, ಸಿಂಗಸಂದ್ರ ಹೆಸರುಗಳಲ್ಲಿರುವ ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ಹಾಗಾಗಿ ಇಲ್ಲಿ ಜೌಗು ಸಿಗುವ ಜಾಗಗಳನ್ನು ಊಹಿಸಬಹುದು: ಕೆರೆಗೆ ನೀರು ಬರುವ ಬಾಯಿ, ಏರಿಯ ಹಿಂದೆ ನೀರು ಜಿನುಗುವ ತಗ್ಗು, ಎರಡು ಕೆರೆಗಳ ನಡುವಿನ ಕಾಲುವೆ ಅಗಲವಾಗುವ ಕಡೆ. 2022ರ ಸೆಪ್ಟೆಂಬರಿನಲ್ಲಿ ಮಳೆ ನೀರು ನುಗ್ಗಿದಾಗ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದದ್ದು ನೆನಪಿದೆಯಲ್ಲ? ಇಂಥ ತಗ್ಗುಗಳನ್ನೂ ಕಾಲುವೆಗಳನ್ನೂ ಮುಚ್ಚುತ್ತಾ ಬಂದದ್ದು ಅದಕ್ಕೆ ಒಂದು ದೊಡ್ಡ ಕಾರಣ.

ಕಾನೂನಿನ ಜೌಗು ಇನ್ನೂ ಚಿಕ್ಕದು. ಕೇಂದ್ರದ 2017ರ ನಿಯಮಗಳು ನದಿಯ ಹರಿವು, ಭತ್ತದ ಗದ್ದೆ, ಕುಡಿಯುವ ನೀರಿಗೋ ನೀರಾವರಿಗೋ ಜನ ಕಟ್ಟಿದ ಜಲಾಶಯ ಇವನ್ನೆಲ್ಲ ಹೊರಗಿಡುತ್ತವೆ. ನಮ್ಮ ಕೆರೆಗಳು ಬಹುಪಾಲು ಜನ ಕಟ್ಟಿದವೇ. ಅವುಗಳಿಗೆ ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಇದೆ. ಇಸ್ರೋ 2011ರಲ್ಲಿ ತಂದ ದೇಶದ ಜೌಗು ಭೂಪಟದಲ್ಲಿ 2.25 ಹೆಕ್ಟೇರಿಗಿಂತ, ಅಂದರೆ ಸುಮಾರು ಐದೂವರೆ ಎಕರೆಗಿಂತ ದೊಡ್ಡವನ್ನೇ ಗಡಿ ಹಾಕಿ ಲೆಕ್ಕ ಹಿಡಿದದ್ದು: 2,01,503. ಅರ್ಧ ಎಕರೆಯ ಕುಂಟೆಗೆ ಅಲ್ಲಿ ಗಡಿಯೂ ಇಲ್ಲ, ಹೆಸರೂ ಇಲ್ಲ. ಕೆರೆಯಿಂದ ಎಷ್ಟು ದೂರ ಬಿಡಬೇಕು ಅನ್ನುವುದೂ ಬದಲಾಗುತ್ತಿದೆ. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಅಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಯಾರೋ ಹೇಳಿದ ಹಳೇ ಅಂಕಿ ನಂಬದೆ, ಆ ಜಾಗದ ಯೋಜನಾ ಪ್ರಾಧಿಕಾರದಲ್ಲಿ ಇವತ್ತಿನ ನಿಯಮ ಕೇಳಿ.

ಕಾಗದದ ಕೆಲಸವನ್ನು ಹೋಗುವ ಮೊದಲೇ ಮಾಡಬಹುದು. ಹಳೇ ಗ್ರಾಮ ನಕಾಶೆ ತೆಗೆಸಿ, ಹಳ್ಳ, ಕುಂಟೆಯ ಗುರುತು ನೋಡಿ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರಿನ ಮೇಲೆ ನಿಂತು ಪಕ್ಕದಲ್ಲಿ ಏನಿದೆ ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಮಳೆಗಾಲದ ಚಿತ್ರಗಳಿಗೆ ಹಿಂದೆ ಹೋಗಿ. ಆಮೇಲೆ ಕೆರೆ ನೀರು ಹಂಚುತ್ತಿದ್ದ ಊರಿನ ನೀರುಗಂಟಿಯ ಮನೆಯವರು ಯಾರಾದರೂ ಇದ್ದರೆ ಹತ್ತು ನಿಮಿಷ ಕೂತು ಮಾತಾಡಿ.

ಜೌಗು ಇದೆ ಅಂತ ಗೊತ್ತಾದ ಮೇಲೂ ಜಮೀನು ಬೇಡ ಅನ್ನಬೇಕಾಗಿಲ್ಲ. ಆ ತುಂಡಿನಲ್ಲಿ ಅಡಿಪಾಯ ಹಾಕಬಾರದು, ಇಂಗುಗುಂಡಿ ತೋಡಬಾರದು. ನೀರು ತುಂಬಿದ ಮಣ್ಣು ಶೌಚದ ನೀರನ್ನು ಹೀರುವುದಿಲ್ಲ, ಅದು ಮೇಲೆ ಉಕ್ಕುತ್ತದೆ ಇಲ್ಲವೇ ಪಕ್ಕದ ಬಾವಿ ಸೇರುತ್ತದೆ. ಆ ತುಂಡನ್ನು ಅದರ ಪಾಡಿಗೆ ಬಿಟ್ಟರೆ ಮೇಲಿನ ತೋಟದ ಬಾವಿಗೆ ನೀರು ಉಳಿಯುತ್ತದೆ.

ಗೆಳೆಯ ಮುಂಗಡ ಕೊಡಲಿಲ್ಲ. ಮಾರುವವರಿಂದಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿಸಿದ. ಸರ್ವೆಯವರು ಬಂದು ಕಲ್ಲು ನೆಟ್ಟಾಗ ಕೆಳಗಿನ ಹನ್ನೊಂದು ಗುಂಟೆ ಬಿ ಖರಾಬು ಅಂತ ಬಂತು. ಅಷ್ಟನ್ನು ಬಿಟ್ಟು ಉಳಿದದ್ದಕ್ಕೆ ಈಗ ಮಾತುಕತೆ ನಡೆಯುತ್ತಿದೆ. ಮನೆ ಕಟ್ಟುವುದಾದರೆ ಹುಣಸೆ ಮರದ ಹತ್ತಿರ ಅಂತ ಹೇಳಿದ್ದಾನೆ. ಹೊಡೆದ ಮಣ್ಣನ್ನು ಕುಂಟೆಯಿಂದ ತೆಗೆಸಲು ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೇವೆ. ಅಜ್ಜಿ ಹೆಬ್ಬೆಟ್ಟು ಒತ್ತುತ್ತೇನೆ ಅಂದಿದ್ದಾರೆ.